ಮೊಣಕೈಯ ಸಾಕ್ಷಿ

2023ರ ಫೆಬ್ರುವರಿ 8, ಬುಧವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮಗಳ ಸ್ನಾನದ ಟಬ್ಬಿಗೆ ನೀರು ಬೆರೆಸಿ, ಅದರ ಮುಂದೆ ಮೊಣಕಾಲೂರಿ ಕೂತಿದ್ದೆ. ಹೆರಿಗೆ ರಜೆ ಮುಗಿದು ಹೆಂಡತಿ ಅಂದೇ ಕೆಲಸಕ್ಕೆ ಹೊರಟಿದ್ದಳು. ಮನೆಯಲ್ಲಿ ನಾನು, ಪಕ್ಕದ ಟವೆಲಿನ ಮೇಲೆ ಕಾಲು ಬಡಿಯುತ್ತಿದ್ದ ನಾಲ್ಕು ತಿಂಗಳ ಮಗು, ಇಬ್ಬರೇ.

ನನ್ನ ಕೈಗಳ ಮಾತನ್ನು ನಂಬುವಂತಿಲ್ಲ. ತಣ್ಣೀರು ತಗುಲಿದರೂ ಬೆರಳುಗಳು ಕೆಂಡ ಹಿಡಿದಂತೆ ಉರಿಯುತ್ತವೆ. ಕಾದ ಬಾಣಲೆ ಹಿಡಿದ ದಿನ ಮಾತ್ರ ಏನೂ ಅನ್ನಿಸಲಿಲ್ಲ. ಚರ್ಮ ಸುಟ್ಟ ವಾಸನೆಯಿಂದಲೇ ಗೊತ್ತಾದದ್ದು. ನರರೋಗದ ವೈದ್ಯೆ ಬಿಡಿಸಿ ಹೇಳಿದ್ದರು: "ಬಿಸಿ ತಿಳಿಸೋ ನರಗಳೇ ಹಾಳಾಗಿವೆ. ಏನೂ ಇಲ್ಲದಾಗ ಬೊಬ್ಬೆ ಹೊಡೀತವೆ, ಹೇಳಬೇಕಾದಾಗ ಬಾಯಿ ಬಿಡಲ್ಲ. ಉರಿಗೆ ಮಾತ್ರೆ ಇದೆ, ಆದರೆ ಬಿಸಿ ನೋಡೋಕೆ ಕೈ ಬಳಸಬೇಡಿ. ಮಣಿಕಟ್ಟಿನಿಂದ ಮೇಲೆ ಸದ್ಯಕ್ಕೆ ಸರಿಯಿದೆ."

ಆ 'ಸದ್ಯಕ್ಕೆ' ನನ್ನ ಎದೆಯಲ್ಲೇ ಕೂತಿತ್ತು. ಮೊನ್ನೆಯಿಂದ ಉರಿ ಮಣಿಕಟ್ಟು ದಾಟಿದೆಯೇನೋ ಎಂಬ ಅನುಮಾನ. ಅದನ್ನು ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಫೋನ್ ಬಡಿದುಕೊಂಡಿತು. ಬಸ್ಸಿನಿಂದ ಹೆಂಡತಿ.

"ಸ್ನಾನ ಆಯ್ತಾ?"

"ಇನ್ನೇನು, ಆಗತ್ತೆ."

"ನಿನ್ನ ಲ್ಯಾಬಿನ ಥರ್ಮಾಮೀಟರ್ ಹಿಡ್ಕೊಂಡು ಕೂತಿದೀಯಾ? ಅದು ಮಗು, ಪುಣ್ಯಾತ್ಮ, ದ್ರಾವಣ ಅಲ್ಲ!"

"ದ್ರಾವಣ ಆದ್ರೆ ಅಳಲ್ಲ."

ಅವಳು ನಕ್ಕಳು. "ಮೊಣಕೈ ಅದ್ದಿ ನೋಡು, ಸಾಕು. ನಮ್ಮಮ್ಮ ನಾಲ್ಕು ಮಕ್ಕಳನ್ನ ಹಾಗೇ ಸಾಕಿದ್ದು."

ಫೋನ್ ಇಟ್ಟೆ. ಮೊದಲು ಮೊಣಕೈ, ಆಮೇಲೆ ಥರ್ಮಾಮೀಟರ್ ಎಂದು ತೀರ್ಮಾನಿಸಿದೆ. ನೀರಿನದಲ್ಲ, ಪರೀಕ್ಷೆ ನನ್ನದೇ.

ಮೊಣಕೈ ಅದ್ದಿದೆ. ಹಿತವಾಗಿತ್ತು. "ಉಗುರುಬೆಚ್ಚಗಿದೆ. ಮೂವತ್ತೇಳು," ಎಂದು ಮಗಳಿಗೆ ಕೇಳುವಂತೆ ಹೇಳಿದೆ. ಅವಳು ಕೇಕೆ ಹಾಕಿದಳು.

ಥರ್ಮಾಮೀಟರ್ ಇಳಿಬಿಟ್ಟೆ. ಪಾದರಸ ಮೂವತ್ತೇಳಕ್ಕೆ ಬಂತು. ನಿಲ್ಲಲಿಲ್ಲ.

ಅದು ಕೊನೆಗೂ ನಿಂತಾಗ ನಾನು ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿದ್ದೆ. ಅವಳ ಎದೆಬಡಿತ ಯಾವುದು, ನನ್ನದು ಯಾವುದು ತಿಳಿಯಲಿಲ್ಲ. ಹೆಂಡತಿಗೆ ನಾನೇ ಫೋನ್ ಮಾಡಿದೆ.

"ಕೇಳು. ಮೊಣಕೈಯೂ ಸುಳ್ಳು ಹೇಳ್ತಿದೆ."

"ಮಗು?"

"ನನ್ನ ಹೆಗಲ ಮೇಲಿದೆ. ನೀರು ಮುಟ್ಟಿಸಿಲ್ಲ."

"ಮುಂದಿನ ಸ್ಟಾಪಲ್ಲಿ ಇಳೀತೀನಿ. ನೀರು... ಎಷ್ಟು ಬಿಸಿ ಇತ್ತು?"

ಥರ್ಮಾಮೀಟರನ್ನು ಇನ್ನೊಮ್ಮೆ ನೋಡಿ ಹೇಳಿದೆ: ನಲವತ್ತಾರೂವರೆ ಡಿಗ್ರಿ ಸೆಲ್ಸಿಯಸ್.