ಇಸ್ಮಾಯಿಲ್ ಮಾಡುವುದು

ಪ್ಯಾಟ್ರಿಷಿಯಾಳ ಮನೆಯಲ್ಲಿ ಹೊರಗಿನವರಿಗೆ ಅರ್ಥವಾಗದ ಮಾತೊಂದಿತ್ತು. ಬರುತ್ತೇನೆಂದು ಹೇಳಿ ಬಾರದವನು, ತರುತ್ತೇನೆಂದು ಹೇಳಿ ತಾರದವನು, ಆಮೇಲೆ ಫೋನಿಗೂ ಸಿಗದವನು 'ಇಸ್ಮಾಯಿಲ್ ಮಾಡಿದ' ಎಂದು ಅರ್ಥ. ಗಲ್ಫಿನಲ್ಲಿ, ದಾರ್ಸೈಟಿನ ಅವರ ಫ್ಲ್ಯಾಟಿಗೆ ನಲ್ಲಿ ರಿಪೇರಿಯವನು ಬರಲಿಲ್ಲವೋ, ಇಸ್ಮಾಯಿಲ್ ಮಾಡಿದ. ಗ್ಯಾಸಿನವನು ಸಂಜೆಯವರೆಗೆ ಕಾಯಿಸಿದನೋ, ಅವನೂ ಇಸ್ಮಾಯಿಲ್ ಮಾಡಿದ. ಹದಿನೇಳರ ಸ್ಯಾವಿಯೋ, ಹನ್ನೆರಡರ ನಿಕೋಲ್ ಇಬ್ಬರೂ ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು. ಆದರೂ ಈ ಮಾತೊಂದನ್ನು ಅಮ್ಮನಿಂದ ಚೆನ್ನಾಗಿ ಕಲಿತಿದ್ದರು. ಅವಳ ಗಂಡ ಫ್ರೆಡ್ಡಿ ಮಾತ್ರ ಅದನ್ನು ಎಂದೂ ಬಾಯಿಗೆ ತಂದವನಲ್ಲ. ಯಾರಾದರೂ ಅಂದರೆ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದ.

ಇಸ್ಮಾಯಿಲ್ ಯಾರೆಂದರೆ, ತೊಂಬತ್ತೆಂಟರಲ್ಲಿ ಇಬ್ರಿಯ ಆಚೆಗಿನ ಎಣ್ಣೆ ಬಾವಿಗಳ ಕ್ಯಾಂಪಿನಲ್ಲಿ ಫ್ರೆಡ್ಡಿಯ ಜೊತೆಗಿದ್ದ ಉಪ್ಪಿನಂಗಡಿ ಕಡೆಯ ಬ್ಯಾರಿ. ಆ ಜೂನಿನಲ್ಲಿ ತಂಗಿಯ ಮದುವೆಗೆಂದು ಊರಿಗೆ ಬಂದವನು, ಫ್ರೆಡ್ಡಿ ಕಳಿಸಿದ ಹಾಲಿನಪುಡಿಯ ಡಬ್ಬಿಗಳನ್ನು ಹೊತ್ತುಕೊಂಡು, ಬಸ್ಸು ಬದಲಿಸಿ ಬದಲಿಸಿ ಶಿರ್ವದ ಅವಳ ತವರಿಗೆ ಬಂದಿದ್ದ. ಆಗ ಪ್ಯಾಟ್ರಿಷಿಯಾಳಿಗೆ ಏಳು ತಿಂಗಳು. "ಡಿಸೆಂಬರಿಗೆ ನನ್ನ ಕಾಂಟ್ರಾಕ್ಟ್ ಮುಗೀತದೆ ಅಕ್ಕಾ. ಬಂದವನೇ ಸೀದಾ ಇಲ್ಲಿಗೆ. ಮಗುವಿಗೆ ಬೆಳ್ಳಿ ಗೆಜ್ಜೆ ನಂದು. ನಾನು ಮಾಮ ಅಲ್ವಾ?" ಎಂದು ಜಗಲಿಯಲ್ಲಿ ಕೂತು ನಕ್ಕಿದ್ದ. ಆಗಸ್ಟಿನಲ್ಲಿ ಸ್ಯಾವಿಯೋ ಹುಟ್ಟಿದ. ಐದಾರು ದಿನಕ್ಕೆ ಫ್ರೆಡ್ಡಿಯ ಫೋನು ಬಂತು. ಗರಗರ ಎನ್ನುವ ಲೈನಿನಲ್ಲಿ ಅವನು ತಾನಾಗಿ ಹೇಳಿದ್ದು ಒಂದೇ ಮಾತು: "ಇಸ್ಮಾಯಿಲ್ ಖಲಾಸ್."

ಗಲ್ಫಿನವರ ಬಾಯಲ್ಲಿ ಊಟ ಮುಗಿದರೂ ಖಲಾಸ್, ಮಾತು ಮುಗಿದರೂ ಖಲಾಸ್, ಕೆಲಸ ಹೋದರೂ ಖಲಾಸ್. ಅದು ಎಣ್ಣೆಯ ಬೆಲೆ ಬಿದ್ದ ವರ್ಷ, ಕಂಪನಿಗಳು ಜನರನ್ನು ಗುಂಪುಗುಂಪಾಗಿ ಊರಿಗೆ ಅಟ್ಟುತ್ತಿದ್ದವು. ಪಾಪ, ನಾಲ್ಕು ತಿಂಗಳು ಮೊದಲೇ ಕಳಿಸಿಬಿಟ್ಟರು ಎಂದು ಅವಳು ಮರುಗಿದಳು. ಡಿಸೆಂಬರಿನಲ್ಲಿ ಒಂದು ಭಾನುವಾರ ಕೋಳಿ ಸಾರು ಮಾಡಿ, ರೊಟ್ಟಿ ತರಿಸಿ, ಮಗುವಿಗೆ ಹೊಸ ಅಂಗಿ ತೊಡಿಸಿ ಕಾದಳು. ಮರು ಭಾನುವಾರವೂ ಕಾದಳು. ಬರಲಿಲ್ಲ. ಊರಲ್ಲೇ ಇದ್ದೂ ಒಂದು ಕಾರ್ಡು ಹಾಕಲಿಲ್ಲ. ಮರುಕವೆಲ್ಲ ಸಿಟ್ಟಾಯಿತು, ಸಿಟ್ಟು ಹಳತಾಗಿ ಮನೆಯ ಗಾದೆಯಾಯಿತು.

ಹದಿನೇಳು ವರ್ಷ ಕಳೆದು ಎಣ್ಣೆಯ ಬೆಲೆ ಮತ್ತೆ ನೆಲ ಕಚ್ಚಿತು. ಅಷ್ಟು ಹೊತ್ತಿಗೆ ಫ್ರೆಡ್ಡಿ ಅಲ್ ಅಜೈಬಾದ ಆಫೀಸೊಂದರಲ್ಲಿ ಕೂತು ಕೆಲಸ ಮಾಡುವವನಾಗಿದ್ದ. ಜನವರಿಯಲ್ಲಿ ಆ ಆಫೀಸಿಗೇ ಬೀಗ ಬೀಳುವ ಸುದ್ದಿ ಬಂತು. ಅವನ ವೀಸಾ ಯಾರ ಕೈಯಲ್ಲಿತ್ತೋ ಆ ಕಫೀಲ್ ಕರೆದು ಸಮಾಧಾನದಲ್ಲೇ ಹೇಳಿದ: ಇಬ್ರಿಯ ಆಚೆಗಿನ ಕ್ಯಾಂಪಿಗೆ ಇನ್‌ಚಾರ್ಜ್ ಆಗಿ ಹೋಗು, ಇಲ್ಲವಾದರೆ ಊರಿಗೆ ಹೋಗು, ಭಾನುವಾರ ಉತ್ತರ ಬೇಕು.

ಫ್ರೆಡ್ಡಿ ಗರಬಡಿದವನ ಹಾಗೆ ಕೂತ. ಪ್ಯಾಟ್ರಿಷಿಯಾ ಕೂರುವವಳಲ್ಲ. ಆ ಮನೆಯಲ್ಲಿ ಪ್ರಾರ್ಥನೆಗೆ, ಸಂಸಾರಕ್ಕೆ ಕೊಂಕಣಿ. ಜಗಳಕ್ಕೆ ಮಾತ್ರ ಕನ್ನಡ. ಶಿರ್ವದ ಕನ್ನಡ ಮೀಡಿಯಂ ಶಾಲೆಯಲ್ಲಿ ಚರ್ಚಾಕೂಟದ ಪ್ರೈಜು ತೆಗೆದುಕೊಂಡವಳು ಅವಳು.

"ಎಂತ ಯೋಚನೆ ಮಾರಾಯ್ರೆ ಇದರಲ್ಲಿ? ಮಾರ್ಚಿಗೆ ಮಗನ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಉಂಟು. ನಿಮ್ಮ ವೀಸಾ ಹೋದ್ರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕು. ಎರಡು ವರ್ಷ ಹೋಗಿ ಬನ್ನಿ."

"ನಿನಗೆ ಕ್ಯಾಂಪ್ ಅಂದ್ರೆ ಎಂತ ಅಂತ ಗೊತ್ತಿಲ್ಲ."

"ಗೊತ್ತಿಲ್ಲದೆ ಎಂತ? ನಿಮ್ಮ ಕಾಗದ ಎಲ್ಲ ಪೆಟ್ಟಿಗೆಯಲ್ಲಿ ಉಂಟು. ಹೋಟೆಲಿನ ಹಾಗೆ ಊಟ, ಎ.ಸಿ. ಎಷ್ಟು ತಂಪು ಅಂದ್ರೆ ಎರಡೆರಡು ಹೊದಿಕೆ ಬೇಕು. ನೀವೇ ಬರೆದದ್ದು. ಓದಿ ತೋರಿಸ್ಬೇಕಾ?"

ಫ್ರೆಡ್ಡಿ ಎದ್ದು ನೀರು ಕುಡಿಯಲು ಹೋದ.

ಇದರ ನಡುವೆ ಬಂದದ್ದು ಆರ್.ವಿ. ಕಫೀಲನ ಮಗ ಅಮೆರಿಕದ ನಟ್ಟನಡುವಿನ ಯಾವುದೋ ಊರಿನಲ್ಲಿ ಓದಿ ಬಂದಿದ್ದ. ಅಲ್ಲಿ ಅಜ್ಜ ಅಜ್ಜಿಯರು ಕೂಡ ಮನೆಯನ್ನೇ ಗಾಡಿಯ ಹಿಂದೆ ಕಟ್ಟಿಕೊಂಡು ಜೋಳದ ಹೊಲಗಳ ಮಧ್ಯೆ ತಿರುಗುತ್ತಾರೆಂದು ಬಣ್ಣಿಸುತ್ತಿದ್ದ. "ಇಬ್ರಿ ಈಸ್ ಅವರ್ ಮಿಡ್‌ವೆಸ್ಟ್" ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ಎಣ್ಣೆ ಕೈಕೊಟ್ಟರೆ ಪ್ರವಾಸಿಗರಾದರೂ ಕೈಹಿಡಿಯಲಿ ಎಂದು, ಮುಚ್ಚಿದ ಕ್ಯಾಂಪುಗಳ ಹರಾಜಿನಲ್ಲಿ, ಕೆಲಸಗಾರರು ಮಲಗುತ್ತಿದ್ದ ಹಳೆಯ ಕ್ಯಾರವಾನುಗಳನ್ನು ಎತ್ತಿದ್ದ. ಅವುಗಳಲ್ಲೊಂದಕ್ಕೆ ಹೊಸ ಚಕ್ರ, ನೀಲಿ ಬಣ್ಣ, ಪರದೆ, ಮೈಕ್ರೋವೇವ್ ಎಲ್ಲ ಸೇರಿ ಅದು ಆರ್.ವಿ. ಆಗಿತ್ತು. ಫ್ರೆಡ್ಡಿಗೆ ಹೆವಿ ಲೈಸನ್ಸ್ ಇದ್ದುದರಿಂದ, ವೀಕೆಂಡಿಗೆ ಕುಟುಂಬ ಸಮೇತ ಇಬ್ರಿ ಸುತ್ತಿ ಬಾ, ಹೊಸ ಕೆಲಸದ ಊರನ್ನೂ ನೋಡಿದ ಹಾಗಾಯಿತು ಎಂದ.

ಗುರುವಾರ ಅಲ್ ಅಜೈಬಾದ ಯಾರ್ಡಿನಲ್ಲಿ ಕೀ ತೆಗೆದುಕೊಳ್ಳುವಾಗ ಫ್ರೆಡ್ಡಿ ಆ ನೀಲಿ ಗೋಡೆಯ ಮೇಲೆ ಕೈಯಿಟ್ಟು ಒಂದು ಕಡೆ ಹೆಬ್ಬೆರಳಿನಿಂದ ಉಜ್ಜಿದ. ಬಣ್ಣದಡಿಯಲ್ಲಿ ಹಳೆಯ ನಂಬರು ಉಬ್ಬಿಕೊಂಡಿತ್ತು: ಹದಿನಾಲ್ಕು. ಅವನ ಮುಖ ಬಿಳಿಚಿಕೊಂಡಿತು. ಇಷ್ಟು ದೊಡ್ಡದನ್ನು ಎಳೆಯುವ ಹೆದರಿಕೆ ಇರಬೇಕೆಂದುಕೊಂಡ ಪ್ಯಾಟ್ರಿಷಿಯಾ, ಕಫೀಲನ ಮಗನಿಗೆ ತಾನೇ ಮುಂದಾಗಿ ಮಾತು ಕೊಟ್ಟಳು. "ಹೀ ವಿಲ್ ಗೋ. ಡೋಂಟ್ ವರಿ. ಐ ಪ್ರಾಮಿಸ್."

ಶುಕ್ರವಾರ ಬೆಳಿಗ್ಗೆ ಹೊರಟರು. ನಿಜ್ವಾ ದಾಟಿ, ಬಹ್ಲಾ ದಾಟಿ, ಬೋಳುಗುಡ್ಡಗಳು ತಗ್ಗಿ ಬಯಲು ತೆರೆಯಿತು. ಇಬ್ರಿಯ ಸೂಕ್‌ನಲ್ಲಿ ಖರ್ಜೂರ ಕೊಂಡರು, ಸುಲೈಫಿನ ಹಾಳು ಕೋಟೆ ಹತ್ತಿದರು, ನಿಕೋಲ್ ಆಡುಗಳ ಜೊತೆ ಫೋಟೋ ತೆಗೆಸಿಕೊಂಡಳು. ಸಂಜೆಗೆ ಬಾತ್ ಎಂಬಲ್ಲಿ, ಸಾವಿರಾರು ವರ್ಷದ ಕಲ್ಲಿನ ಗೋರಿಗಳು ಕಾಣುವ ಹಾಗೆ ಗಾಡಿ ನಿಲ್ಲಿಸಿದರು. ಪ್ಯಾಟ್ರಿಷಿಯಾಳಿಗೆ ಖುಷಿಯೋ ಖುಷಿ. ಇಷ್ಟು ಚಂದದ ಊರಿಗೆ ಬರಲು ಈ ಮನುಷ್ಯನಿಗೇನು ಧಾಡಿ ಎಂದು ಒಳಗೊಳಗೇ ಬೈದುಕೊಂಡಳು. ಫ್ರೆಡ್ಡಿ ಮಾತ್ರ ಆ ಆರ್.ವಿ.ಯ ಒಳಗೆ ಕಾಲಿಡಲೇ ಇಲ್ಲ. ಚಾ ಬೇಕೆಂದರೆ ಕಿಟಕಿಯಿಂದ ಕೈನೀಡಿ ಪಡೆದ. ಮಲಗುವ ಹೊತ್ತಿಗೆ, ನನಗೆ ಗೊರಕೆ ಉಂಟಲ್ಲ, ನೀವು ಒಳಗೆ ಮಲಗಿ ಎಂದು ಮುಂದಿನ ಗಾಡಿಯ ಸೀಟಿನಲ್ಲೇ ಕಾಲು ಮಡಚಿಕೊಂಡ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತನ್ನ ಗೊರಕೆಯನ್ನು ಒಪ್ಪಿಕೊಂಡನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಶನಿವಾರ ಬ್ರೆಡ್ಡಿಗೆ ಜ್ಯಾಮ್ ಹಚ್ಚುತ್ತಾ ಸ್ಯಾವಿಯೋ ಹೇಳಿದ. "ಮಮ್ಮಾ, ದೇರ್ ಈಸ್ ಸಂಥಿಂಗ್ ರಿಟನ್ ಅಬವ್ ಮೈ ಬೆಡ್. ಇನ್ ಕನ್ನಡ, ಐ ಥಿಂಕ್. ಆಲ್ ಜಿಲೇಬಿ."

ಹಿಂಬದಿಯಲ್ಲಿ ಹಳೆಯ ಕಾಲದ ಎರಡಂತಸ್ತಿನ ಮಂಚವನ್ನು ಹಾಗೇ ಬಿಟ್ಟಿದ್ದರು. ಒಳ್ಳೆಯ ಮರ, ತೆಗೆಯಲು ಮನಸ್ಸಾಗಿರಲಿಕ್ಕಿಲ್ಲ. ಸ್ಯಾವಿಯೋ ಕೆಳಗೆ ಮಲಗಿದ್ದ, ಮೇಲೆ ಬ್ಯಾಗುಗಳಿದ್ದವು. ಮರಳುಗಾಡಿನಲ್ಲಿ ಕನ್ನಡ ಬರೆದವನು ಯಾವನಪ್ಪಾ ಎಂದು ನಗುತ್ತಲೇ ಪ್ಯಾಟ್ರಿಷಿಯಾ ಕನ್ನಡಕ ಹುಡುಕಿ ಹೋಗಿ ಕೆಳಗಿನ ಮಂಚದಲ್ಲಿ ಅಂಗಾತ ಮಲಗಿದಳು.

ಮೇಲಿನ ಮಂಚದ ಅಡಿಹಲಗೆಗೆ ಬಣ್ಣ ಬಳಿದಿರಲಿಲ್ಲ. ಅದರ ತುಂಬ ಮೊಳೆಯಿಂದ ಗೀರಿದ ಅಕ್ಷರ. ದಿನ ಎಣಿಸಿದ ಗೆರೆಗಳು, ಐದೈದರ ಕಟ್ಟು. ಪಕ್ಕದಲ್ಲಿ ದುಂಡಗಿನ ಕೈಬರಹ: 'ಡಿಸೆಂಬರಿಗೆ. ಉಮ್ಮನಿಗೆ ಬಟ್ಟೆ. ತಂಗಿಗೆ ವಾಚು. ಶಿರ್ವದ ಅಕ್ಕನ ಮಗುವಿಗೆ ಬೆಳ್ಳಿ ಗೆಜ್ಜೆ, ಮರೆಯಬಾರದು.'

ಅವಳು ಇನ್ನೊಮ್ಮೆ ಓದಿದಳು. ಶಿರ್ವದ ಅಕ್ಕ!

ಕೆಳಗೆ ಬೇರೆ ಕೈ. ಎಡಕ್ಕೆ ಬಾಗಿದ ಆ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತು. ಪೆಟ್ಟಿಗೆ ತುಂಬ ಇರುವ ಕಾಗದಗಳ ಅಕ್ಷರ. 'ಎ.ಸಿ. ಕೆಟ್ಟು ಐದು ದಿನ. ಇಸ್ಮಾಯಿಲ್ ಖಲಾಸ್. ೧೯-೮-೯೮.' ಖಲಾಸ್, ಹೌದು, ಗೊತ್ತಿದ್ದದ್ದೇ, ಅದನ್ನೇ ಫೋನಿನಲ್ಲಿ ಹೇಳಿದ್ದು. ಅದರ ಕೆಳಗೆ ಇನ್ನೊಂದು ಸಾಲು, ಹಲಗೆ ಸೀಳುವಷ್ಟು ಒತ್ತಿ ಗೀರಿದ್ದು: 'ನನ್ನ ಜಾಗದಲ್ಲಿ.'

"ಸಾಯ್ಬಾ ಭೊಗೊಸ್!" ದೇವರೇ ಕ್ಷಮಿಸು ಎಂಬ ಆ ಕೊಂಕಣಿ ಉದ್ಗಾರ ತನ್ನ ಬಾಯಿಂದಲೇ ಬಂತೆಂದು ಅವಳಿಗೆ ತಿಳಿಯಲಿಲ್ಲ. ಎದ್ದ ರಭಸಕ್ಕೆ ಹಣೆ ಹಲಗೆಗೆ ಬಡಿಯಿತು. ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ಕಲ್ಲಿನ ಮೇಲೆ ಇಳಿದಳು.

ಫ್ರೆಡ್ಡಿ ಗಾಡಿಯ ನೆರಳಲ್ಲಿ ಕೂತಿದ್ದ. ಅವಳ ಮುಖ ನೋಡಿದವನೇ ಎದ್ದು ನಿಂತ.

"ಇಸ್ಮಾಯಿಲ್ ಸತ್ತು ಹೋದ್ನಾ?"

ಅವನು ಹೌದೆಂದು ತಲೆಯಾಡಿಸಿದ.

"ಇದರೊಳಗಾ?"

"ಹ್ಞೂಂ. ಮೇಲಿನ ಮಂಚದಲ್ಲಿ." ಅವನು ಆರ್.ವಿ.ಯ ಕಡೆ ನೋಡದೆ ಮಾತಾಡಿದ. "ಮೇಲಿನದ್ದು ನಂದು ಪ್ಯಾಟಿ. ತಗಡಿನ ಅಡಿ, ಬೆಂಕಿ. ಎ.ಸಿ. ಹೋಯ್ತು. ರಿಪೇರಿಗೆ ಜನ ಇಲ್ಲ, ಎಲ್ಲರನ್ನೂ ಕಳಿಸಿಯಾಗಿತ್ತು. ಆಗಸ್ಟ್ ತಿಂಗಳು. ನನಗೆ ಜ್ವರ ಬಂತು. ಅವ ಹೇಳಿದ, ನೀನು ಕೆಳಗೆ ಬಾ ಮಾರಾಯ, ಮನೇಲಿ ಬಾಣಂತಿ ಇದ್ದಾಳೆ, ನಿನಗೆ ಎಂತಾದ್ರೂ ಆದ್ರೆ ಅಕ್ಕ ನನ್ನನ್ನು ಬಿಡ್ತಾಳಾ ಅಂತ. ನಗಾಡ್ತಾ ಹೇಳಿದ. ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಹತ್ತಿ ಮಲಗಿದ. ಮಧ್ಯಾಹ್ನ ಊಟಕ್ಕೆ ಕರೆದೆ. ಏಳಲಿಲ್ಲ."

ಪ್ಯಾಟ್ರಿಷಿಯಾ ನೆಲದ ಮೇಲೇ ಕೂತುಬಿಟ್ಟಳು. ಹೊದಿಕೆ ಎರಡೆರಡು ಬೇಕೆಂದು ಬರೆದ ಕಾಗದಗಳು ನೆನಪಾದವು. ಕೋಳಿ ಸಾರು ಆರಿಹೋದ ಆ ಭಾನುವಾರ ನೆನಪಾಯಿತು. ಅಷ್ಟು ಹೊತ್ತಿಗೆ ಆ ಮನುಷ್ಯ ಮಣ್ಣು ಸೇರಿ ನಾಲ್ಕು ತಿಂಗಳು! ನಲ್ಲಿ ರಿಪೇರಿಯವನಿಗೆ, ಗ್ಯಾಸಿನವನಿಗೆ, ಸುಳ್ಳು ಹೇಳಿದ ದರ್ಜಿಗೆ, ಎಲ್ಲರಿಗೂ ಅವಳು ಇಟ್ಟದ್ದು ಅವನ ಹೆಸರನ್ನು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಚೀರಿದಳು. "ನಾನು ಇಷ್ಟು ವರ್ಷ ಅವನಿಗೆ ಬಯ್ದೆನಲ್ಲ! ನಿಮ್ಮೆದುರೇ ಬಯ್ದೆನಲ್ಲ! ಒಂದು ಸಲ ಬಾಯಿ ಮುಚ್ಚು ಅಂತ ಹೇಳ್ಬಾರದಿತ್ತಾ ನನಗೆ?"

"ಹೇಳ್ಲಿಕ್ಕೇ ಫೋನ್ ಮಾಡಿದ್ದು. ಇಸ್ಮಾಯಿಲ್ ಖಲಾಸ್ ಅಂದೆ. ನೀನು, ಕಾಂಟ್ರಾಕ್ಟ್ ಮುಗೀತಾ ಅಂತ ಕೇಳಿದೆ. ಹಿಂದೆ ಮಗು ಅಳುವುದು ಕೇಳ್ತಿತ್ತು. ಹೌದು ಅಂದೆ. ಆಮೇಲೆ ಹೇಳಿದ್ರೆ ಎಲ್ಲ ಹೇಳ್ಬೇಕಲ್ಲ. ಅವನು ಮಲಗಿದ್ದು ನನ್ನ ಜಾಗದಲ್ಲಿ ಅಂತ ಹೇಳ್ಬೇಕಲ್ಲ. ನನ್ನಿಂದ ಆಗ್ಲಿಲ್ಲ."

ಅದೇ ಕ್ಯಾಂಪಿನ ಕಡೆಗೇ ಈ ಮನುಷ್ಯನನ್ನು ತಾನು ಒಂದು ವಾರದಿಂದ ಹಿಂದಿನಿಂದ ತಳ್ಳುತ್ತಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು.

ಸರಿಯಾಗಿ ಆ ಗಳಿಗೆಯಲ್ಲೇ ಅವನ ಫೋನು ಹೊಡೆದುಕೊಂಡಿತು. ಕಫೀಲನ ಮಗ. ಫ್ರೆಡ್ಡಿ ಸುಮ್ಮನೆ ಪರದೆ ನೋಡುತ್ತಿದ್ದ. ಪ್ಯಾಟ್ರಿಷಿಯಾ ಕಿತ್ತುಕೊಂಡಳು. ಆರ್.ವಿ. ಹೇಗಿದೆ, ಇಬ್ರಿ ಹಿಡಿಸಿತೇ, ಅಪ್ಪ ಫ್ರೆಡ್ಡಿಯ ಉತ್ತರ ಕೇಳುತ್ತಿದ್ದಾರೆ ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ.

"ಖಲಾಸ್" ಎಂದಳು ಅವಳು.

"ಖಲಾಸ್? ಮಬ್ರೂಕ್, ಮಬ್ರೂಕ್!" ಮಾತು ಪಕ್ಕಾ ಆಯಿತೆಂದು ತಿಳಿದು ಅವನು ಆ ಕಡೆಯಿಂದ ಅಭಿನಂದನೆ ಹೇಳತೊಡಗಿದ.

ಈ ಹಾಳು ಪದ ಇನ್ನೊಬ್ಬನನ್ನೂ ನುಂಗಲಿಕ್ಕೆ ಹೊರಟಿತ್ತಲ್ಲ! "ಲಾ, ಲಾ! ನೋ ಖಲಾಸ್!" ಎಂದು ಬಯಲೆಲ್ಲ ಕೇಳುವ ಹಾಗೆ ಕೂಗಿದಳು. "ಫ್ರೆಡ್ಡಿ ನಾಟ್ ಕಮಿಂಗ್. ಯು ಅಂಡರ್‌ಸ್ಟ್ಯಾಂಡ್? ಹೀ ವಿಲ್ ನಾಟ್ ಗೋ ಟು ಕ್ಯಾಂಪ್. ವೀ ಆರ್ ಗೋಯಿಂಗ್ ಹೋಮ್. ಆಲ್ ಫೋರ್." ಅವನು ಇಡೀ ವಾಕ್ಯವನ್ನು ತಿರುಗಿ ಹೇಳುವವರೆಗೆ ಬಿಡಲಿಲ್ಲ. ಆಮೇಲೆ ಫೋನನ್ನು ಗಂಡನ ಕೈಗಿಟ್ಟಳು. ಫ್ರೆಡ್ಡಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ತಿಂಡಿ ಮುಗಿಸಿ ಗೋರಿಗಳ ಕಡೆ ಹೋಗಿದ್ದ ಮಕ್ಕಳು ಗದ್ದಲ ಕೇಳಿ ಓಡಿ ಬಂದಿದ್ದರು. ಕೊನೆಯ ಮಾತುಗಳಷ್ಟೇ ಅವರ ಕಿವಿಗೆ ಬಿದ್ದಿದ್ದವು. ಅಪ್ಪ ಅಳುವುದನ್ನು ಕಂಡು ನಿಕೋಲ್ ಹೆದರಿ ಅವನ ತೋಳು ಹಿಡಿದಳು. ಸ್ಯಾವಿಯೋ ಗಾಡಿಯ ಆ ಬದಿಯಲ್ಲಿದ್ದ, ಅವನಿಗೆ ಅಪ್ಪ ಕಾಣುತ್ತಿರಲಿಲ್ಲ.

"ಬಟ್ ಮಮ್ಮಾ, ಯು ಪ್ರಾಮಿಸ್ಡ್ ಹಿಮ್ ಆನ್ ಥರ್ಸ್‌ಡೇ!" ಎಂದು ನಕ್ಕ. "ಮಮ್ಮಾ ಡಿಡ್ ಆನ್ ಇಸ್ಮಾಯಿಲ್!"

ಅವಳು ಮಗನನ್ನು ನೋಡಿದಳು. ಹೊಡೆಯುತ್ತಾಳೆಂದು ತಿಳಿದು ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಅವನ ಮಣಿಕಟ್ಟು ಹಿಡಿದು ಸೀದಾ ಆರ್.ವಿ.ಯೊಳಗೆ ಎಳೆದೊಯ್ದು ಕೆಳಗಿನ ಮಂಚದಲ್ಲಿ ಮಲಗಿಸಿದಳು. ತಾನು ಪಕ್ಕದಲ್ಲಿ ಮೊಣಕಾಲೂರಿ ಕುಳಿತಳು.

"ನಿನಗೆ ಓದ್ಲಿಕ್ಕೆ ಬರುವುದಿಲ್ಲ. ನಾನು ಓದ್ತೇನೆ, ಕೇಳು."

ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಉಮ್ಮನಿಗೆ ಬಟ್ಟೆ. ತಂಗಿಗೆ ವಾಚು. ಶಿರ್ವದ ಅಕ್ಕನ ಮಗುವಿಗೆ ಬೆಳ್ಳಿ ಗೆಜ್ಜೆ, ಮರೆಯಬಾರದು. ಅಲ್ಲಿಗೆ ಅವಳ ಬೆರಳು ನಿಂತಿತು.

"ಹೂ ರೋಟ್ ಇಟ್, ಮಮ್ಮಾ?"

"ಇಸ್ಮಾಯಿಲ್."

ಸ್ಯಾವಿಯೋ ನಗಲಿಲ್ಲ. ಹಲಗೆಯ ಆ ಸಾಲಿನ ಮೇಲೆ ತಾನೂ ಬೆರಳಾಡಿಸಿದ. ಆಮೇಲೆ, ಎಂದೂ ಇಲ್ಲದವನು, ಕನ್ನಡದಲ್ಲೇ ಕೇಳಿದ.

"ಯಾವ ಮಗು?"

"ನೀನೇ ಮಗಾ" ಎಂದಳು ಪ್ಯಾಟ್ರಿಷಿಯಾ.