ನಿಧಾನಕ್ಕೆ ಬಿಟ್ಟ ನೀರು

ಲೆಕ್ಕ ಸಿಡಿಯುವುದು ಎಂದರೇನೆಂದು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುತ್ತೇನೆ. ಕೊಳವೆಯೊಳಗೆ ನೀರೂ ಗಾಳಿಯೂ ಕೂಡಿ ಹರಿಯುವುದನ್ನು ಕಂಪ್ಯೂಟರಿನಲ್ಲಿ ನೋಡಬೇಕಾದರೆ ಕೊಳವೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಬೇಕು, ಕಾಲವನ್ನೂ ಚೂರು ಮಾಡಬೇಕು. ಒಂದು ಚೂರು ಕಾಲದಲ್ಲಿ ನೀರು ಒಂದು ಚೌಕವನ್ನು ಹಾರಿ ಹೋಗಬಾರದು. ಹಾರಿತೋ, ಆಮೇಲೆ ಅಂಕಿಗಳಿಗೆ ಲಂಗುಲಗಾಮಿಲ್ಲ. ಒತ್ತಡ ಸಾವಿರ, ಲಕ್ಷ, ಕೋಟಿ ಎಂದು ಏರಿ ಕೊನೆಗೆ ಪರದೆಯ ಮೇಲೆ ಅಂಕಿಯೇ ಅಲ್ಲದ ಏನೋ ಬಂದು ನಿಲ್ಲುತ್ತದೆ. ಹುಡುಗರು ಅದಕ್ಕೆ 'ಬ್ಲಾಸ್ಟ್ ಆಯ್ತು ಮೇಡಂ' ಅನ್ನುತ್ತಿದ್ದರು. ಈಶ್ವರಮ್ಮನ ಮಗ ಸತ್ತ ಮೇಲೆ ಆ ಮಾತು ಲ್ಯಾಬಿನಲ್ಲಿ ಆಡಕೂಡದೆಂದು ಗದರಿದ್ದೇನೆ.

ಈಶ್ವರಮ್ಮ ನಮ್ಮ ಕಾಲೇಜಿನ ಲ್ಯಾಬು ಗುಡಿಸುವವರು. ಊರು ಹೊಳವನಹಳ್ಳಿಯಿಂದಾಚೆ, ಗುಡ್ಡದ ಬುಡದಲ್ಲಿ. ಮಗ ಭೀಮರಾಜು ಅಲ್ಲಿಯ ನೀರಗಂಟಿ. ಅವನಪ್ಪ ಕೆರೆಯ ತೂಬು ಎತ್ತುತ್ತಿದ್ದವನು, ಮಗ ಪೈಪಿನ ವಾಲ್ವ್ ತಿರುಗಿಸುವವನು, ಕೆಲಸ ಅದೇ. ಗುಡ್ಡದ ಮೇಲೆ ಹೊಸ ಟ್ಯಾಂಕು ಕಟ್ಟಿ ಅಲ್ಲಿಂದ ಊರಿಗೆ ಹೊಸ ಪೈಪು ಎಳೆದಿದ್ದರು. ಮೊದಲ ನೀರು ಬಿಡುವ ದಿನ ವಾಲ್ವ್‌ಗೆ ಅರಿಶಿನ ಕುಂಕುಮ ಹಚ್ಚಿ ಗಂಗೆಪೂಜೆ ಮಾಡಿದರು. ಆ ಕಡೆ ಒಂದು ನಂಬಿಕೆಯಿದೆ. ಮೊದಲ ನೀರು ಭೋರ್ಗರೆದು ಬರಬೇಕು, ತೊಟ್ಟಿಕ್ಕುತ್ತ ಬಂದರೆ ಗಂಗಮ್ಮನಿಗೆ ಮನಸ್ಸಿಲ್ಲ ಎಂದರ್ಥ. ಆರತಿ ತಟ್ಟೆ ಹಿಡಿಯುವುದು ನೀರಗಂಟಿಯ ಮನೆಯವರ ಹಕ್ಕು. ಹಾಗಾಗಿ ಈಶ್ವರಮ್ಮ ಮಗನ ಪಕ್ಕದಲ್ಲೇ ಇದ್ದರು. ಅವನು ವಾಲ್ವ್ ತಿರುಗಿಸಿ ಸ್ವಲ್ಪ ಹೊತ್ತಿಗೆ ಪೈಪು ಒಡೆದು ಕಬ್ಬಿಣದ ಚೂರು ಅವನ ಎದೆಗೆ ಬಡಿಯಿತು. ತಾಯಿಗೆ ಒಂದು ಗೀರೂ ಆಗಲಿಲ್ಲ.

ತಿಥಿ ಕಳೆದು ಕೆಲಸಕ್ಕೆ ಬಂದವರು ಪೊರಕೆ ಗೋಡೆಗೆ ಒರಗಿಸಿ ನನ್ನ ಮೇಜಿನ ಮುಂದೆ ನಿಂತರು.

"ಮೇಡಮ್ಮೋರೆ, ಪೈಪಿನ ಸಮಾಚಾರ ನಿಮ್ಮ ಮಿಷನ್ನಾಗೆ ನೋಡ್ತೀರಂತೆ?"

ನಿಜ. ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಪ್ರಭುದೇವ್ ತಾಂತ್ರಿಕ ಅಭಿಪ್ರಾಯ ಕೇಳಿ ನಮ್ಮ ವಿಭಾಗಕ್ಕೆ ಬರೆದಿದ್ದರು.

"ಅವ್ನು ನಿಧಾನಕ್ಕೆ ಬುಡಾಣ ಅಂತಿದ್ದ. ನಾನೇ ಅಂದಿದ್ದು, 'ಬಿರ್ರನೆ ಬುಡ್ಲಾ ಮಗ, ಜನ ಬಿಸ್ಲಾಗೆ ನಿಂತವ್ರೆ' ಅಂತ. ತಿರುಗಿಸ್ಬುಟ್ಟ." ಸೆರಗಿನಿಂದ ಮುಖ ಒರೆಸಿಕೊಂಡರು. "ನಿಧಾನಕ್ಕೆ ಬುಟ್ಟಿದ್ರೂ ಪೈಪು ಒಡೀತಿತ್ತಾ? ಅಷ್ಟು ನೋಡಿ ಹೇಳಿ. ನಂಗೆ ಇನ್ನೇನೂ ಬ್ಯಾಡ."

ನೋಡಿ ಹೇಳುತ್ತೇನೆ ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ! ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳು, ಇದೊಂದು ಲೆಕ್ಕ ನನಗೆ ಯಾವ ಮಹಾ ಅನ್ನುವ ಧಿಮಾಕು ಇತ್ತು.

ಅವರು ನಿಂತಿದ್ದ ಜಾಗದ ಹತ್ತಿರವೇ ಪೈಪು ಒಂಟೆಯ ಬೆನ್ನಿನ ಹಾಗೆ ಮೇಲೆದ್ದು ಇಳಿಯುತ್ತದೆ. ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಅದನ್ನು ಬಿಡುವುದಕ್ಕೆಂದೇ ಒಂದು ಗಾಳಿ ವಾಲ್ವ್ ಕೂರಿಸಿರುತ್ತಾರೆ. ಒಡೆದ ಮೇಲೆ ಆ ಗಾಳಿ ವಾಲ್ವ್ ಚೂರುಚೂರಾಗಿ ಸಿಕ್ಕಿತು. ಮೊದಲೇ ತೆರೆಯದಂತೆ ಕಚ್ಚಿಕೊಂಡಿತ್ತೋ ಇಲ್ಲವೋ ಹೇಳುವವರಿಲ್ಲ. ಕಚ್ಚಿಕೊಂಡಿತ್ತು ಎಂದೇ ಇಟ್ಟುಕೊಂಡು ಲೆಕ್ಕ ಓಡಿಸಿದೆ.

ನೀರು ಬೇಗ ಬಿಟ್ಟ ಲೆಕ್ಕ ಸರಾಗವಾಗಿ ಓಡಿತು. ನೀರು ಪೈಪಿನ ತುಂಬ ಗೋಡೆಯ ಹಾಗೆ ಬಂದು ಗಾಳಿಯನ್ನು ಮೂಲೆಗೆ ಒತ್ತುತ್ತದೆ. ನೀರೆಲ್ಲಿ ಮುಗಿಯಿತು, ಗಾಳಿಯೆಲ್ಲಿ ಶುರುವಾಯಿತು ಎಂಬುದು ಸ್ಪಷ್ಟ. ಒತ್ತಡ ಪೈಪಿನ ತಾಕತ್ತನ್ನು ಮೀರುತ್ತದೆ. ಒಡೆಯುತ್ತದೆ.

ನಿಧಾನಕ್ಕೆ ಬಿಟ್ಟ ಲೆಕ್ಕವೇ ನನ್ನನ್ನು ಹುರಿದು ಮುಕ್ಕಿದ್ದು. ನೀರು ಪೈಪಿನ ತಳದಲ್ಲಿ ತೆಳ್ಳಗೆ ಹರಿಯುತ್ತದೆ, ಮೇಲೆ ಗಾಳಿ ಓಡುತ್ತದೆ, ನಡುವಿನ ಗಡಿ ಹರಿದ ಸೀರೆಯಂಚಿನ ಹಾಗೆ ಚಿಂದಿಯಾಗುತ್ತದೆ. ನೀರು ಆ ಉಬ್ಬಿನ ಹತ್ತಿರ ಬಂದದ್ದೇ ತಡ, ಲೆಕ್ಕ ಸಿಡಿಯಿತು. ಕಾಲದ ಚೂರನ್ನು ಇನ್ನೂ ಸಣ್ಣದು ಮಾಡಿದೆ. ಸಿಡಿಯಿತು. ಚೌಕ ಬದಲಿಸಿದೆ. ಸಿಡಿಯಿತು, ಆದರೆ ಬೇರೆ ಕಡೆ. ಬೆಳಿಗ್ಗೆ ಈಶ್ವರಮ್ಮ ಗುಡಿಸುತ್ತ ಬಂದು ಪರದೆ ನೋಡುತ್ತಿದ್ದರು. ನೀಲಿ ನೀರು, ಬಿಳಿ ಗಾಳಿ ಎಂದು ಅವರಿಗೂ ಗುರುತು ಸಿಕ್ಕಿತ್ತು.

"ಇವತ್ತೂ ನಿಂತೋಯ್ತಾ?"

"ನಿಂತೋಯ್ತು ಕಣಮ್ಮ."

"ನೀರು ಅಲ್ಲಿಗಂಟ ಬಂದು ಯಾಕಿಂಗೆ ನಿಲ್ತೈತೆ?"

ಅಲ್ಲಿಂದ ಮುಂದಕ್ಕೆ ಏನಾಗುತ್ತದೆಂದು ತಿಳಿಯಲೇಬೇಕಾದ ಜಾಗದಲ್ಲೇ ನನ್ನ ವಿದ್ಯೆ ಕೈಕೊಡುತ್ತಿತ್ತು. ಕಂಪ್ಯೂಟರನ್ನು ಎತ್ತಿ ಕಿಟಕಿಯಾಚೆ ಒಗೆಯಬೇಕು ಅನ್ನಿಸುತ್ತಿತ್ತು. ಅವರು ಪೊರಕೆ ಎತ್ತಿಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದರು.

ಲೆಕ್ಕ ಸಿಡಿಯದಂತೆ ಮಾಡುವುದಕ್ಕೆ ಒಂದು ಉಪಾಯ ಎಲ್ಲರಿಗೂ ಗೊತ್ತು. ಅಂಕಿಗಳ ಕುಣಿತಕ್ಕೆ ಕಡಿವಾಣ ಹಾಕುವುದು, ಚೂಪಾದದ್ದನ್ನೆಲ್ಲ ತೇಯುವುದು. ಹಾಗೆ ಮಾಡಿದೆ. ಲೆಕ್ಕ ಸಾಧುಹಸುವಿನ ಹಾಗೆ ಕೊನೆಯವರೆಗೂ ನಡೆಯಿತು. ಆದರೆ ನೀರು ನೀರಾಗಿ ಉಳಿಯಲಿಲ್ಲ, ಗಾಳಿ ಗಾಳಿಯಾಗಿ ಉಳಿಯಲಿಲ್ಲ. ಎರಡೂ ಕಲಸಿ ನೀರುಮಜ್ಜಿಗೆಯಾಯಿತು. ಆ ಮಜ್ಜಿಗೆ ಯಾವ ಪೈಪನ್ನೂ ಒಡೆಯುವುದಿಲ್ಲ. ಒಡೆಯುವ ಗುಣವನ್ನೇ ನಾನು ತೇದುಹಾಕಿದ್ದೆ. ಪೈಪು ಉಳಿದದ್ದು ನಿಧಾನಕ್ಕೆ ಬಿಟ್ಟದ್ದರಿಂದಲೋ, ನಾನು ತೇಯ್ದದ್ದರಿಂದಲೋ?

ಹಾಗೆಂದೇ ಬರೆದೆ. ಬೇಗ ಬಿಟ್ಟ ಲೆಕ್ಕ ನಂಬಬಹುದು, ನಿಧಾನದ ಲೆಕ್ಕ ನಂಬಲಾಗದು, ನಿಧಾನಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಹೇಳಲು ಬರುವುದಿಲ್ಲ. ಕೊರಟಗೆರೆಯಲ್ಲಿ ವಿಚಾರಣೆಯ ದಿನ ಪ್ರಭುದೇವ್ ಅದನ್ನು ಓದಿ ಕನ್ನಡಕ ತೆಗೆದರು.

"ಮೇಡಂ, ನಿಧಾನದ ಲೆಕ್ಕ ಪೂರ್ತಿ ಓಡಿದ್ದು ಒಂದಾದರೂ ಇದೆಯಾ?"

"ಇದೆ. ಆದರೆ ಅದು ಸುಳ್ಳು ಸರ್. ಓಡಿದ ಮಾತ್ರಕ್ಕೆ ನಿಜ ಆಗಲ್ಲ."

"ಅದರಲ್ಲಿ ಪೈಪು ಒಡೀತಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಇಲ್ಲ."

"ನೀವು ಗೊತ್ತಿಲ್ಲ ಅಂತ ಬರೀಬಹುದು. ನಾನು ಮೇಲಿನವರಿಗೆ ಗೊತ್ತಿಲ್ಲ ಅಂತ ಬರೆದರೆ ಫೈಲು ವಾಪಸ್ ಬರ್ತದೆ." ಕೆಟ್ಟ ಮನುಷ್ಯನೇನಲ್ಲ. ಕಾಫಿ ತರಿಸಿದರು. ಆಮೇಲೆ ಬಂದ ಇಲಾಖೆಯ ವರದಿಯಲ್ಲಿ ಪೈಪಿನ ದೋಷವಿಲ್ಲ, ನೀರಗಂಟಿಯ ಆತುರವೇ ಕಾರಣ ಎಂದಿತ್ತು. ಸತ್ತವನ ತಲೆಗೆ ಕಟ್ಟಿದರೆ ಎದುರುತ್ತರ ಕೊಡುವವರು ಯಾರು? ಅದೂ ಊರಾಚೆಯ ಕೇರಿಯವನ ತಲೆಗೆ. ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಪತ್ರ ಬರೆದೆ, ಉತ್ತರ ಬರಲಿಲ್ಲ.

ಈಶ್ವರಮ್ಮನಿಗೆ ನಾನೇ ಹೇಳಬೇಕಿತ್ತು. ಲ್ಯಾಬಿನ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂರಿಸಿ ಹೇಳಿದೆ.

"ಗೊತ್ತಾಗಲಿಲ್ಲ ಕಣಮ್ಮ. ಎಷ್ಟು ಮಾಡಿದರೂ ಲೆಕ್ಕ ಸರಿಯಾಗಿ ಬರಲಿಲ್ಲ. ಒಡೀತಿತ್ತೋ ಇಲ್ಲವೋ, ನಿಜವಾಗಲೂ ಗೊತ್ತಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು.

"ಇಷ್ಟು ಓದಿರೋರಿಗೆ ಗೊತ್ತಾಗದೆ ಇರ್ತದಾ? ಹೇಳಕ್ಕೆ ನಿಮಗೆ ಮನಸ್ಸು ಬರ್ತಿಲ್ಲ. ಆಯ್ತು ಬುಡಿ."

"ಹಾಗಲ್ಲ ಕಣಮ್ಮ, ಆಣೆ ಮಾಡಿ ಹೇಳ್ತೀನಿ."

"ಒಳ್ಳೇರು ನೀವು," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಶ್ರಾವಣದಲ್ಲಿ ಪೈಪು ರಿಪೇರಿಯಾಗಿ ಮತ್ತೆ ನೀರು ಬಿಟ್ಟರು. ಪತ್ರಕ್ಕೆ ಉತ್ತರ ಕೊಡದಿದ್ದವರು ಇದಕ್ಕೆ ಮಾತ್ರ ನನ್ನನ್ನು ಕರೆದಿದ್ದರು, ಹೋದೆ. ಈ ಸಲ ಪೂಜೆಯಿಲ್ಲ, ಆರತಿಯಿಲ್ಲ. ತೋವಿನಕೆರೆ ಕಡೆಯಿಂದ ಬಂದ ಹೊಸ ನೀರಗಂಟಿ ವಾಲ್ವನ್ನು ಒಂದಿಷ್ಟು ತಿರುಗಿಸಿ ಬೀಡಿ ಹಚ್ಚಿಕೊಂಡ, ಇನ್ನಷ್ಟು ತಿರುಗಿಸಿ ಕಾದ. ಉಬ್ಬಿನ ಮೇಲೆ ಗಾಳಿ ಸುಯ್ಯೆಂದು ಹೊರಬಂತು. ಬಹಳ ಹೊತ್ತಾದ ಮೇಲೆ ಬೀದಿ ನಲ್ಲಿಯಲ್ಲಿ ನೀರು ತೊಟ್ಟಿಕ್ಕಿತು, ಕೆಮ್ಮಿತು, ಆಮೇಲೆ ಸಣ್ಣಗೆ ಬಂತು. ಎಲ್ಲೂ ಏನೂ ಆಗಲಿಲ್ಲ. ಹೆಂಗಸರು ಕೊಡ ಮುಂದಿಟ್ಟರು.

ಈಶ್ವರಮ್ಮ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ದೂರದಲ್ಲಿ ನಿಂತಿದ್ದರು. ನಾನು ಹೆಚ್ಚುಕಡಿಮೆ ಓಡಿದೆ.

"ಅದು ಹೊಸ ಗಾಳಿ ವಾಲ್ವ್ ಕಣಮ್ಮ. ಅದಕ್ಕೇ ಗಾಳಿ ಆಚೆ ಹೋಯ್ತು. ಆವತ್ತಿನದೇ ಬೇರೆ, ಇವತ್ತಿನದೇ ಬೇರೆ. ಇದರಿಂದ ಏನೂ ಹೇಳೋಕಾಗಲ್ಲ. ಕೇಳಿಸ್ತಾ?"

ಅವರು ನಲ್ಲಿಯ ಕಡೆಯೇ ನೋಡುತ್ತಿದ್ದರು.

"ನಿಧಾನಕ್ಕೆ ಬುಟ್ರು ನೋಡಿ," ಅಂದರು.

ನಾನು ಮತ್ತೆ ಗಾಳಿ ವಾಲ್ವಿನ ಮಾತೆತ್ತಿದೆ. ಅವರು ಕೊಡ ಎತ್ತಿಕೊಂಡು ನಲ್ಲಿಯ ಸಾಲನ್ನು ದಾಟಿ, ಕೇರಿಯ ಕೊನೆಯಲ್ಲಿರುವ ಹಳೆಯ ಕೈಪಂಪಿನ ಕಡೆ ಹೋದರು. ಈಗಲೂ ಅವರು ಆ ನಲ್ಲಿಯ ನೀರು ಮುಟ್ಟುವುದಿಲ್ಲ.