ವಾಫಲ್‌ಗೆ ಹುಟ್ಟಿದ ಮರಿ

ಮಗಳು ತಿರಿಲ್ ಹೋಗಿ ಎರಡು ವರ್ಷವಾಗಿತ್ತು. ಅವಳ ಕುರಿ ಸಾಕುವ ಕಂಪ್ಯೂಟರ್ ಆಟದ ಫೈಲನ್ನು ತೆರೆಯಲು ತೋರ್ಗೇರ್‌ಗೆ ಇಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಸ್ತವಾಂಗರ್ ನಗರದಲ್ಲಿ ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದವನಿಗೆ ಫೈಲ್ ತೆರೆಯುವುದೇನು ಮಹಾ ಕೆಲಸವಲ್ಲ. ಭಯವಿದ್ದದ್ದು ಆಟದ ಲೆಕ್ಕದ ಬಗ್ಗೆ. ಕೊನೆಯ ಬಾರಿ ಆಡಿದ ದಿನದಿಂದ ಇವತ್ತಿನವರೆಗೆ ಎಷ್ಟು ದಿನವಾಯಿತೋ ಅಷ್ಟು ದಿನ ಕುರಿಗಳು ಮೇವಿಲ್ಲದೆ ಇದ್ದವು ಎಂದೇ ಆ ಆಟ ತಿಳಿಯುತ್ತದೆ. ಹತ್ತು ದಿನ ದಾಟಿದರೆ ಒಂದೂ ಉಳಿಯುವುದಿಲ್ಲ.

ತಿರಿಲ್‌ಗಿದ್ದದ್ದು ಏಳು ಕುರಿ. ಶನಿವಾರ ತಿಂದ ತಿಂಡಿಯ ಹೆಸರನ್ನೇ ಹೊಸ ಕುರಿಗೆ ಇಡುತ್ತಿದ್ದಳು. ಅದರಲ್ಲಿ ವಾಫಲ್ ಎಂಬುದು ಗಬ್ಬದ ಕುರಿ. ಆಸ್ಪತ್ರೆಗೆ ಹೊರಟ ದಿನ, "ಅಪ್ಪ, ನಾಳೆ ಅದು ಮರಿ ಹಾಕತ್ತೆ, ನನಗೆ ತೋರಿಸ್ದೆ ಹೆಸರಿಡಬೇಡ" ಎಂದಿದ್ದಳು. ಆ ನಾಳೆ ಬರಲೇ ಇಲ್ಲ.

ಭಾನುವಾರ ಬೆಳಿಗ್ಗೆ ತೋರ್ಗೇರ್ ಫೈಲಿನ ನಾಲ್ಕು ಪ್ರತಿ ತೆಗೆದಿಟ್ಟು, ಒಳಗಿನ ಬೈಟುಗಳನ್ನು ಪರದೆಯ ಮೇಲೆ ಹರಡಿಕೊಂಡು ಕೂತ. ಕುರಿಯ ಹೆಸರಿಗೆ ಹದಿನಾರು ಬೈಟ್, ವಯಸ್ಸಿಗೆ ಎರಡು, ಕೊನೆಯ ಬಾರಿ ಆಡಿದ ದಿನಕ್ಕೆ ನಾಲ್ಕು. ಆ ನಾಲ್ಕನ್ನು ಅಳಿಸಿ ಇವತ್ತಿನ ದಿನ ಬರೆದ. ಫೈಲಿನ ಕೊನೆಯಲ್ಲಿ ಎಲ್ಲವನ್ನೂ ತಾಳೆ ನೋಡುವ ಅಂಕಿಯೊಂದಿತ್ತು, ಅದನ್ನೂ ಹೊಸದಾಗಿ ಕಟ್ಟಿದ. ಆದರೆ ದಿನದ ಬೈಟುಗಳನ್ನು ಹಿಂದುಮುಂದಾಗಿ ಬರೆದುಬಿಟ್ಟಿದ್ದ. ಕಸುಬಿನವರು ಹೊಸಬರನ್ನು ನೋಡಿ ನಗುವಂಥ ತಪ್ಪು. ಆಟಕ್ಕೆ ಅದು ಎಂಬತ್ತು ವರ್ಷ ಹಿಂದಿನ ದಿನವಾಗಿ ಕಂಡಿತು.

ಆಟ ತೆರೆದರೆ ಪರದೆಯಲ್ಲಿ ಖಾಲಿ ಕೊಟ್ಟಿಗೆ, ಹೊರಗೆ ಏಳು ಪುಟ್ಟ ಶಿಲುಬೆ.

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಅವನ ಹೆಂಡತಿ ಮಾರಿತ್ ನಿಂತಿದ್ದಳು.

"ಇದನ್ನೂ ನೋಡಬೇಕಿತ್ತಾ ನಾನು?"

"ಪ್ರತಿ ಕಣೇ ಇದು. ನಿಜವಾದ ಫೈಲ್ ಹಾಗೇ ಇದೆ. ಎಡವಟ್ಟು ಮಾಡ್ಕೊಂಡೆ."

"ನಿನ್ನ ಪ್ರತಿಗಳಿಗೊಂದು ದೊಡ್ಡ ನಮಸ್ಕಾರ" ಎಂದಳು. ಆದರೆ ಹೋಗಲಿಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

ಎರಡನೆಯ ಪ್ರತಿಯಲ್ಲಿ ಎಲ್ಲ ಸರಿಹೋಯಿತು. ಏಳೂ ಕುರಿಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು. ವಾಫಲ್ ತಲೆಯ ಮೇಲೆ 'ನಾಳೆ' ಎಂದಿತ್ತು. ತೋರ್ಗೇರ್‌ಗೆ ಉಸಿರು ಬಂದಂತಾಯಿತು.

"ಇನ್ನು ಭಯ ಇಲ್ಲ" ಎಂದ. "ಪ್ರತಿ ಸಲ ತೆಗೆಯೋ ಮುಂಚೆ ಫೈಲಿನ ತಾರೀಖು ಬದಲಾಯಿಸ್ತೀನಿ. ಯಾವಾಗ ತೆಗೆದ್ರೂ ಹೀಗೇ ಇರತ್ತೆ."

ಮಾರಿತ್ ಲೋಟ ಕೆಳಗಿಟ್ಟು ವಾಫಲ್ ಕಡೆ ಬೆರಳು ತೋರಿಸಿದಳು.

"ಆ ಬಡಪಾಯೀನ ಎಷ್ಟು ವರ್ಷ ಬಸುರಿಯಾಗೇ ಇಡ್ತೀಯಪ್ಪಾ? ಎರಡು ವರ್ಷದಿಂದ ನಾವೂ ಹೀಗೇ ಇದೀವಿ. ಸಾಕು ನನಗೆ."

ಅವನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು, ಇವತ್ತಿನ ದಿನ ಅಳಿಸಿ ನಿನ್ನೆಯದನ್ನು ಬರೆದ. ಬೈಟುಗಳ ಸಾಲನ್ನು ಈ ಸಲ ಮೂರು ಬಾರಿ ನೋಡಿದ. ಆಟದ ಲೆಕ್ಕಕ್ಕೆ ಒಂದೇ ಒಂದು ದಿನ ಕಳೆಯಿತು.

ವಾಫಲ್ ಪಕ್ಕದಲ್ಲಿ ಮರಿಯೊಂದು ಕಾಲು ನಡುಗಿಸುತ್ತ ನಿಂತಿತ್ತು. ಬಿಳಿ ಮೈ, ಒಂದು ಕಿವಿ ಮಾತ್ರ ಕಪ್ಪು. ಮಾರಿತ್ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಮರಿಯ ಕೆಳಗೆ ಪೆಟ್ಟಿಗೆಯೊಂದು ತೆರೆದುಕೊಂಡು ಹೆಸರು ಕೇಳಿತು. ಹೆಸರಿಡದೆ ಆಟ ಮುಂದಕ್ಕೆ ಹೋಗುವುದಿಲ್ಲ, ಆರಿಸಿದರೆ ಮರಿ ಫೈಲಿನಲ್ಲಿ ಉಳಿಯುವುದೂ ಇಲ್ಲ.

ಹದಿನಾರು ಬೈಟ್, ಎಲ್ಲವೂ ಸೊನ್ನೆ. ಬೆಳಗಿನಿಂದ ಆ ಫೈಲಿನಲ್ಲಿ ಬೇಕಾದ್ದನ್ನೆಲ್ಲ ತಿದ್ದಿದವನಿಗೆ ಒಂದಕ್ಷರ ಒತ್ತಲು ಬೆರಳು ಏಳಲಿಲ್ಲ.

"ನೀನು ಇಡು" ಎಂದ.

"ಬೇಡ" ಎಂದಳು ಮಾರಿತ್. "ಅವಳಿನ್ನೂ ನೋಡಿಲ್ಲ."

ಮಧ್ಯಾಹ್ನ ಊಟಕ್ಕೆ ಎದ್ದರೂ ತೋರ್ಗೇರ್ ಕಂಪ್ಯೂಟರ್ ಆರಿಸಲಿಲ್ಲ. ಸಂಜೆಯೂ ಆರಿಸಲಿಲ್ಲ.